ಕೊಯ್ಲು, ಮೊಬೈಲು, ಮಗುವಿನ ಊಟ: ನಿಮ್ಮ ಮನೆಯಲ್ಲಿ ಹೇಗೆ?

ತೀರ್ಥಹಳ್ಳಿ ಕಡೆಯಿಂದ ಪ್ರಶ್ನೆ:
ಮಗಳಿಗೆ ಮೂರು ವರ್ಷ. ಮೊಬೈಲ್ ಇಲ್ಲದೆ ಒಂದು ತುತ್ತೂ ಇಳಿಯುವುದಿಲ್ಲ. ಈಗ ಅಡಿಕೆ ಕೊಯ್ಲು ಬೇರೆ. ಆಳುಗಳ ತಿಂಡಿಯಿಂದ ಶುರುವಾದರೆ ರಾತ್ರಿಯವರೆಗೂ ನಾನು ಒಲೆ ಮುಂದೆ, ಯಜಮಾನರು ಅಡಿಕೆ ಬೇಯಿಸುವ ಹಂಡೆ ಮುಂದೆ. ಒಳಗೆ ಬಂದ ಕೂಡಲೇ ಹೇಳುವ ಮಾತು, "ಇದೆಲ್ಲ ನೀನೇ ಕಲಿಸಿದ್ದು". ನಾವಿಬ್ಬರೂ ನೆಟ್ಟಗೆ ಮಾತಾಡಿ ಹದಿನೈದು ದಿನ ಆಯ್ತು. ಏನು ಮಾಡಲಿ?

ಸಾಗರದ ಒಬ್ಬ ತಾಯಿ:
ನಮ್ಮ ಮನೆ ಕಥೆಯೇ ಬರೆದ ಹಾಗಿದೆ. ನಾನು ಒಂದೇ ದಿನದಲ್ಲಿ ಫೋನ್ ಬಿಡಿಸಲು ಹೋಗಿದ್ದೆ. ಮಗ ಅತ್ತ, ನಾನೂ ಅತ್ತೆ. ನಮ್ಮತ್ತೆ ಮಾತ್ರ ಅಳಲಿಲ್ಲ, ಸುಮ್ನೆ ಫೋನ್ ತಂದು ಅವನ ಕೈಗಿಟ್ಟರು!
ಎರಡನೇ ಸಲ ಬೆಳಗಿನ ತಿಂಡಿಗೆ ಮಾತ್ರ ನಿಲ್ಲಿಸಿದೆ. ಜಗಲಿಯಲ್ಲಿ ಬಾಳೆಲೆ ಹಾಕಿ, ದೋಸೆ, ಜೋನಿ ಬೆಲ್ಲ ಬಡಿಸಿ ದೂರ ಕೂತೆ. ಮೊದಲ ದಿನ ಬೆಲ್ಲ ಕೂದಲಿಗೆ, ದೋಸೆ ನಾಯಿಗೆ. ನಾಲ್ಕನೇ ದಿನ ಒಂದೂವರೆ ದೋಸೆ ತಾನೇ ತಿಂದ. ಮಧ್ಯಾಹ್ನದ ಊಟ ದಾರಿಗೆ ಬರಲು ಮತ್ತೆರಡು ವಾರ ಹಿಡಿಯಿತು. ಒಂದು ಹೊತ್ತು ಕಮ್ಮಿ ತಿಂದರೆ ಹೆದರಬೇಡಿ. ತೂಕ ಇಳಿಯುತ್ತಿದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ.

ಶಿವಮೊಗ್ಗ ಪೇಟೆಯಿಂದ:
2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆಗಿಂತ ಜಾಸ್ತಿ ಮೊಬೈಲ್, ಟಿವಿ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಾವು ಆ ಗಂಟೆಯನ್ನು ಅಡುಗೆ ಮಾಡುವಾಗ ಕೊಡುತ್ತೇವೆ, ಊಟಕ್ಕೆ ಕೂತಾಗ ಇಲ್ಲ. ಪೂರ್ತಿ ಬಿಡಿಸಿದ್ದೇವೆ ಅನ್ನುವವರನ್ನು ನಾನಂತೂ ಅಷ್ಟಾಗಿ ನಂಬುವುದಿಲ್ಲ.

ಹೊಸನಗರದ ಒಬ್ಬ ಅಪ್ಪ:
"ನೀನೇ ಕಲಿಸಿದ್ದು" ಅಂತ ನಾನೂ ಅಂದವನೇ. ಒಂದು ದಿನ ಮಗಳು ಅಡಿಕೆ ಹಾಳೆಯ ಚೂರನ್ನು ಕಿವಿಗಿಟ್ಟುಕೊಂಡು, "ಹಲೋ, ರಾಶಿ ಅಡಿಕೆ ರೇಟ್ ಎಷ್ಟಾಯ್ತು?" ಅಂದಳು. ಥೇಟ್ ನನ್ನದೇ ದನಿ. ಹೆಂಡತಿ ಏನೂ ಹೇಳಲಿಲ್ಲ, ನನ್ನ ಮುಖ ನೋಡಿ ನಕ್ಕಳು. ಈಗ ರಾತ್ರಿ ಊಟ ಮಾಡಿಸುವುದು ನನ್ನ ಕೆಲಸ. ಆ ಅರ್ಧ ಗಂಟೆ ಹಂಡೆ ಹತ್ತಿರ ತಮ್ಮ ಇರುತ್ತಾನೆ. ಕೆಲಸದ ನಡುವೆ ಮಗುವನ್ನು ಅಲ್ಲಿಗೆ ಮಾತ್ರ ಕರೆದುಕೊಂಡು ಹೋಗಬೇಡಿ. ಒಂದು ಕಡೆ ಅಡಿಕೆ ಬೇಯುವ ಕುದಿನೀರು, ಅಂದರೆ ಚೊಗರು, ಇನ್ನೊಂದು ಕಡೆ ಅಡಿಕೆ ಸುಲಿಯುವ ಮೆಟ್ಟುಗತ್ತಿ.

ಕೊಪ್ಪದ ಅಜ್ಜಿ:
ರಾತ್ರಿ ಹತ್ತು ಗಂಟೆಗೆ ಮಾತು ತೆಗೆಯಬೇಡ ಮಗಳೇ, ಇಬ್ಬರಿಗೂ ಸುಸ್ತಾಗಿರುತ್ತದೆ. ಬೆಳಗ್ಗೆ ಅವನು ಹಂಡೆಗೆ ಬೆಂಕಿ ಹಾಕುವಾಗ ಎರಡು ಲೋಟ ಕಾಫಿ ಹಿಡಿದು ಹೋಗು. ಬೈಯುವುದಿದ್ದರೂ ಆಗಲೇ ಬೈ.

ಪ್ರಶ್ನೆ ಕೇಳಿದವರು, ಮೂರು ದಿನದ ನಂತರ:
ಕಾಫಿ ಹಿಡಿದು ಹೋಗಿದ್ದೆ ಅಜ್ಜಿ. ಬೈಯಬೇಕು ಅಂತಲೇ ಹೋಗಿದ್ದು, ಹೊಗೆಗೆ ಅವರ ಕಣ್ಣು ಕೆಂಪಾಗಿದ್ದು ನೋಡಿ ಬಾಯಿ ಬರಲಿಲ್ಲ. ನಿನ್ನೆ ರಾತ್ರಿ ಸಾರನ್ನ ಅವರೇ ಕಲಸಿ ತಿನ್ನಿಸಿದರು. ಫೋನ್ ಇಲ್ಲದೆ ಆರು ತುತ್ತು! ಏಳನೆಯದಕ್ಕೆ ಅವಳು ಹಟ ಮಾಡಿದಳು. ಅವರೇ ಜೇಬಿನಿಂದ ಫೋನ್ ತೆಗೆದು ಕೊಟ್ಟುಬಿಟ್ಟರು.