ಲಕ್ವ ಆದ ಅಪ್ಪನನ್ನು ಮಂಚದಿಂದ ಕುರ್ಚಿಗೆ ಕೂರಿಸುವುದು ಹೇಗೆ?

ಪ್ರಶ್ನೆ (ಡೊಂಬಿವಲಿ ಪೂರ್ವದಿಂದ): ಮೇಡಂ, ಅಪ್ಪನಿಗೆ 72 ವರ್ಷ, ತೂಕ 68 ಕಿಲೋ. ಮೂರು ವಾರದ ಹಿಂದೆ ಲಕ್ವ ಹೊಡೆದು ಎಡಗೈ, ಎಡಗಾಲಿನ ಶಕ್ತಿ ಹೋಗಿದೆ. ಬಲಗಡೆ ಚೆನ್ನಾಗಿದೆ, ಹೇಳಿದ್ದೆಲ್ಲ ಅರ್ಥವಾಗುತ್ತದೆ. ನಾನು ಹಿಂದಿನಿಂದ ಕಂಕುಳಿಗೆ ಕೈ ಹಾಕಿ ಎತ್ತುತ್ತೇನೆ, ಅಮ್ಮ ಎರಡೂ ಕಾಲು ಹಿಡಿಯುತ್ತಾರೆ. ಹಾಗೆ ವೀಲ್‌ಚೇರ್‌ಗೆ ಕೂರಿಸುತ್ತೇವೆ. ಈಗ ಎಡ ಭುಜ ಮುಟ್ಟಿದರೆ ಸಾಕು, ಅಪ್ಪ ಕೂಗುತ್ತಾರೆ. ನನ್ನ ಸೊಂಟವೂ ಹಿಡಿದುಕೊಂಡಿದೆ, ಲೋಕಲ್‌ನಲ್ಲಿ ಥಾಣೆವರೆಗೆ ನಿಲ್ಲೋದೂ ಕಷ್ಟ. ಸರಿಯಾದ ರೀತಿ ಯಾವುದು?

ಉತ್ತರ (ಫಿಸಿಯೋಥೆರಪಿಸ್ಟ್, ಮುಲುಂಡ್): ಕಂಕುಳಿಗೆ ಕೈ ಹಾಕುವುದನ್ನು ಇವತ್ತೇ ನಿಲ್ಲಿಸಿ, ದಯವಿಟ್ಟು. ಉಳಿದದ್ದನ್ನು ಆಮೇಲೆ ಓದಿ.

ಭುಜದ ಕೀಲಿನಲ್ಲಿ ಗುಂಡು ದೊಡ್ಡದು, ಅದು ಕೂರುವ ಬಟ್ಟಲು ಸಣ್ಣದು. ಗುಂಡನ್ನು ಜಾಗದಲ್ಲಿ ಹಿಡಿದಿಡುವುದು ಸುತ್ತಲಿನ ಸ್ನಾಯುಗಳು. ಲಕ್ವದಲ್ಲಿ ಅವೇ ಸಡಿಲವಾಗಿರುತ್ತವೆ. ಆಗ ಕಂಕುಳಿನಿಂದ ಎತ್ತಿದರೆ, ಅಥವಾ ಕೈ ಹಿಡಿದು ಎಳೆದರೆ, ಗುಂಡು ಜಾಗ ಬಿಟ್ಟು ಜಾರಬಹುದು. ಭುಜದ ತುದಿಯ ಎಲುಬಿನ ಕೆಳಗೆ ನಾವು ಬೆರಳಿಟ್ಟು ನೋಡುತ್ತೇವೆ. ಅಲ್ಲಿ ಬೆರಳು ಕೂರುವಷ್ಟು ಹಳ್ಳ ಸಿಕ್ಕರೆ ಕೀಲು ಜಾರಿದೆ ಎಂದೇ ಲೆಕ್ಕ. ನಾನು ಇಂಥ ಭುಜ ಎಷ್ಟೋ ನೋಡಿದ್ದೇನೆ. ಪ್ರತಿ ಸಲವೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಯಾಕೆಂದರೆ ಬಹಳ ಸಲ ಅದು ಪ್ರೀತಿಯಿಂದ ನೋಡಿಕೊಂಡವರ ಕೈಯಲ್ಲೇ ಆಗಿರುತ್ತದೆ. ಈ ವಾರವೇ ಡಾಕ್ಟರಿಗೆ ಭುಜ ತೋರಿಸಿ. ಅಲ್ಲಿಯವರೆಗೆ ಕೂತಾಗ, ಮಲಗಿದಾಗ ಎಡಗೈ ಕೆಳಗೆ ದಿಂಬು ಇರಲಿ, ಕೈ ಜೋತಾಡಬಾರದು.

ಇನ್ನು ತೂಕ. ಮನುಷ್ಯನ ಒಂದು ಕಾಲೇ ಮೈತೂಕದ ಆರರಲ್ಲಿ ಒಂದು ಪಾಲು ಇರುತ್ತದೆ. ನಿಮ್ಮ ಅಮ್ಮ ಬಗ್ಗಿ ಎತ್ತುತ್ತಿರುವುದು ಸುಮಾರು 23 ಕಿಲೋ. ಅಮೆರಿಕದ ಥಾಮಸ್ ವಾಟರ್ಸ್ ಎಂಬ ತಜ್ಞರು 2007ರಲ್ಲಿ ರೋಗಿಯನ್ನು ಎತ್ತುವ ಒಬ್ಬೊಬ್ಬರಿಗೆ ಹಾಕಿಕೊಟ್ಟ ಮಿತಿ 35 ಪೌಂಡ್, ಅಂದರೆ 16 ಕಿಲೋ. ಅದೂ ರೋಗಿ ಸಹಕರಿಸುವಾಗ, ಭಾರ ಮೈಗೆ ಹತ್ತಿರ ಇದ್ದಾಗ, ಸೊಂಟ ತಿರುಚದೇ ಇದ್ದಾಗ ಮಾತ್ರ. ನಿಮ್ಮ ಪಾಲಿಗೆ ಬರುತ್ತಿರುವುದು ಅದಕ್ಕಿಂತ ಎಷ್ಟೋ ಜಾಸ್ತಿ. ಹಾಗಾಗಿ ಅಪ್ಪನನ್ನು ಎತ್ತಲೇಬೇಡಿ. ಅವರ ಬಲಗಡೆ ಗಟ್ಟಿ ಇದೆಯಲ್ಲ, ಅವರೇ ಏಳಲಿ. ನೀವು ಜೊತೆಗಿರಿ ಅಷ್ಟೇ.

ಅಪ್ಪನ ಬಲಗಡೆಯ ಅಂಚಿನಿಂದ ಇಳಿಸಬೇಕು. ನಮ್ಮ ಮುಂಬೈ ಮನೆಗಳಲ್ಲಿ ಆ ಕಡೆ ಗೋಡೆಯೇ ಇರುತ್ತದೆ, ಅಲ್ವಾ? ಮಂಚ ಸರಿಸುವುದು ಬೇಡ. ದಿಂಬನ್ನು ಕಾಲಿನ ಕಡೆಗೆ ಹಾಕಿ ತಿರುಗಿ ಮಲಗಿಸಿ, ಬಲಗಡೆ ತಾನಾಗಿ ಹೊರಗೆ ಬರುತ್ತದೆ. ಎರಡೂ ಮೊಣಕಾಲು ಮಡಚಿ, ಬಲಕ್ಕೆ ಹೊರಳಿಸಿ. ನಿಮ್ಮ ಒಂದು ಕೈ ಅವರ ಬೆನ್ನಿನ ರೆಕ್ಕೆ ಎಲುಬಿನ ಮೇಲೆ, ಇನ್ನೊಂದು ಸೊಂಟದ ಎಲುಬಿನ ಮೇಲೆ ಇರಲಿ. ಕಾಲು ಅಂಚಿನಿಂದ ಕೆಳಗಿಳಿಯುತ್ತಿದ್ದಂತೆ ಅವರು ಬಲ ಮೊಣಕೈ ಊರಿ ಏಳುತ್ತಾರೆ. ಎದ್ದ ತಕ್ಷಣ ನಿಲ್ಲಿಸಬೇಡಿ. ಎರಡು ನಿಮಿಷ ಕೂರಲಿ. ಬಹಳ ದಿನ ಮಲಗಿದವರಿಗೆ ಬಿಪಿ ಇಳಿದು ತಲೆ ಸುತ್ತುತ್ತದೆ.

ವೀಲ್‌ಚೇರ್ ಬಲಗಡೆ, ಮಂಚಕ್ಕೆ ಸ್ವಲ್ಪ ಓರೆಯಾಗಿ ಇಡಿ. ಬ್ರೇಕ್ ಹಾಕಿ, ಕಾಲಿಡುವ ಹಲಗೆ ಮೇಲೆತ್ತಿ. ಅಪ್ಪ ಅಂಚಿಗೆ ಸರಿದು, ಎರಡೂ ಪಾದ ಮೊಣಕಾಲಿಗಿಂತ ಸ್ವಲ್ಪ ಹಿಂದಕ್ಕೆ ಊರಲಿ. ನೀವು ಎದುರು ನಿಂತು, ನಿಮ್ಮ ಮೊಣಕಾಲುಗಳಿಂದ ಅವರ ಎಡ ಮೊಣಕಾಲಿಗೆ ಆಸರೆ ಕೊಡಿ, ಇಲ್ಲದಿದ್ದರೆ ಅದು ಕುಸಿಯುತ್ತದೆ. ಅವರ ಸೊಂಟಕ್ಕೆ ಟ್ರಾನ್ಸ್‌ಫರ್ ಬೆಲ್ಟ್ (ರೋಗಿಯನ್ನು ಹಿಡಿದುಕೊಳ್ಳಲೆಂದೇ ಇರುವ ಪಟ್ಟಿ) ಕಟ್ಟಿ, ಅದನ್ನೇ ಹಿಡಿಯಿರಿ. ಪೈಜಾಮ ಹಿಡಿಯಬೇಡಿ, ಹರಿಯುತ್ತದೆ. "ಮುಂದೆ ಬಗ್ಗಿ, ಮೂಗು ಕಾಲ್ಬೆರಳಿನ ಮೇಲೆ ಬರಲಿ" ಎಂದು ಹೇಳಿ. ಜನ ಮರೆಯುವುದು ಇದನ್ನೇ. ನಾವು ನೀವೂ ಕುರ್ಚಿಯಿಂದ ಏಳುವುದು ಮುಂದೆ ಬಗ್ಗಿಯೇ. ಹಿಂದಕ್ಕೆ ಒರಗಿದವರನ್ನು ಮೇಲಕ್ಕೆ ಎಳೆದರೆ ಪೂರ್ತಿ ಭಾರ ನಿಮ್ಮ ಸೊಂಟಕ್ಕೇ ಬರುತ್ತದೆ. ಮೂರು ಎಣಿಸಿ ಏಳಿಸಿ. ಬಲಗೈ ವೀಲ್‌ಚೇರಿನ ದೂರದ ಹಿಡಿಗೆ ಹೋಗಲಿ. ನೀವು ಸೊಂಟ ತಿರುಚದೆ ಹೆಜ್ಜೆ ಇಟ್ಟು ತಿರುಗಿ. ವಾಪಸ್ ಮಂಚಕ್ಕೆ ಬರುವಾಗ ವೀಲ್‌ಚೇರ್ ತಿರುಗಿಸಿ, ಆಗ ಮಂಚ ಅವರ ಬಲಕ್ಕೆ ಬರಬೇಕು. ಮೊದಲ ಸಲ ಮಾತ್ರ ನಿಮ್ಮ ಫಿಸಿಯೋ ಎದುರಿಗೇ ಮಾಡಿ.

ಪ್ರಶ್ನೆ (ಅದೇ ಮನೆಯಿಂದ): ಹಗಲು ಅಪ್ಪನನ್ನು ನೋಡಿಕೊಳ್ಳಲು ಬರುವ ಮಾವಶಿ (ಆಯಾ) "ನನ್ನ ಕುತ್ತಿಗೆ ಹಿಡ್ಕೊಳ್ಳಿ ಬಾಬಾ" ಅಂತಲೇ ಎಬ್ಬಿಸುತ್ತಾರೆ. ಹದಿನೈದು ವರ್ಷದ ಅನುಭವ ಅವರದ್ದು. ಹೇಗೆ ಹೇಳೋದು?

ಉತ್ತರ: ಅವರ ಒಳ್ಳೆಯದಕ್ಕೇ ಹೇಳಿ. ಅಪ್ಪ ತಟ್ಟನೆ ಕುಸಿದರೆ 68 ಕಿಲೋ ಅವರ ಕತ್ತಿಗೆ ಜೋತುಬೀಳುತ್ತದೆ. ದಿನಕ್ಕೆ ಎರಡು ಮನೆ ಕೆಲಸ ಮಾಡುವ ಹೆಂಗಸು, ಕತ್ತಿನ ನರ ಒತ್ತಿ ಕೈ ಜೋಮು ಹಿಡಿದರೆ ಅವರ ದುಡಿಮೆಯೇ ನಿಲ್ಲುತ್ತದೆ. ಬೆಲ್ಟ್ ಅವರ ಕೈಗೆ ಕೊಟ್ಟು ನೀವಿಬ್ಬರೂ ಒಟ್ಟಿಗೆ ಮಾಡಿ. ಹಗುರ ಅನ್ನಿಸಿದರೆ ಅವರೇ ಬಿಡುವುದಿಲ್ಲ.

ಪ್ರಶ್ನೆ (ವಾಶಿಯಿಂದ): ನನ್ನ ಅತ್ತೆ ಮಲಗಿದಲ್ಲೇ ಇದ್ದಾರೆ. ಪದೇ ಪದೇ ಕೆಳಗೆ ಜಾರುತ್ತಾರೆ. ಮೇಲಕ್ಕೆ ಎಳೆದೂ ಎಳೆದೂ ಸಾಕಾಯಿತು.

ಉತ್ತರ: ಎಳೆದಾಗ ಚರ್ಮ ಹಾಸಿಗೆಗೆ ಅಂಟಿಕೊಂಡು, ಒಳಗಿನ ಎಲುಬು ಮಾತ್ರ ಸರಿಯುತ್ತದೆ. ಬಾಲದ ಎಲುಬಿನ ಹತ್ತಿರ ಹುಣ್ಣು ಶುರುವಾಗುವುದು ಹೀಗೂ ಹೌದು. ಭುಜದಿಂದ ತೊಡೆಯವರೆಗೆ ಬರುವಂತೆ ಮಡಚಿದ ಬೆಡ್‌ಶೀಟ್ ಹಾಸಿ, ಅದರ ಕೆಳಗೆ ಸ್ಲೈಡ್ ಶೀಟ್ ಹಾಕಿ. ಸ್ಲೈಡ್ ಶೀಟ್ ಅಂದರೆ ನುಣುಪು ನೈಲಾನ್ ಬಟ್ಟೆ. ತಲೆಯ ಕಡೆ ಮಂಚ ಮಟ್ಟಸ ಮಾಡಿ, ಅವರ ಮೊಣಕಾಲು ಮಡಚಿ. ಆ ಕಡೆ ಒಬ್ಬರು ಈ ಕಡೆ ಒಬ್ಬರು ಬೆಡ್‌ಶೀಟನ್ನು ಮೈಗೆ ಹತ್ತಿರ ಹಿಡಿದು, ಎತ್ತದೆ, ನಿಮ್ಮ ಭಾರವನ್ನು ಒಂದು ಕಾಲಿಂದ ಇನ್ನೊಂದು ಕಾಲಿಗೆ ಹಾಕಿ ಸರಿಸಿ. ಕೆಲಸ ಆದ ಮೇಲೆ ಸ್ಲೈಡ್ ಶೀಟ್ ತೆಗೆಯಲೇಬೇಕು, ಇಲ್ಲದಿದ್ದರೆ ಮತ್ತೆ ಜಾರುತ್ತಾರೆ. ತಲೆ ಎತ್ತರಿಸುವ ಮೊದಲು ಮೊಣಕಾಲ ಕೆಳಗೆ ದಿಂಬು ಇಡಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಬಿಡಬೇಡಿ.

ಪ್ರಶ್ನೆ (ಪರೇಲ್‌ನ ಚಾಳ್‌ನಿಂದ): ಮೂರನೇ ಮಾಳಿಗೆ, ಲಿಫ್ಟ್ ಇಲ್ಲ. ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಇಳಿಸಬಹುದಾ?

ಉತ್ತರ: ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ. ಓರೆ ಮಾಡಿದಾಗ ಕುರ್ಚಿಯ ಕಾಲು ಮುರಿಯಬಹುದು. ಆ್ಯಂಬುಲೆನ್ಸ್ ಹೇಳುವಾಗಲೇ ಮೆಟ್ಟಿಲ ಕುರ್ಚಿ (ರೋಗಿಯನ್ನು ಕೂರಿಸಿ ಮೆಟ್ಟಿಲಿಳಿಸುವ ಸ್ಟೇರ್ ಚೇರ್) ಇದೆಯಾ, ಹೊರುವವರು ಇಬ್ಬರು ಬರುತ್ತಾರಾ ಎಂದು ಕೇಳಿ. ಅಜ್ಜಿಯ ಮುಖ ಕೆಳಗಿನ ಮೆಟ್ಟಿಲ ಕಡೆಗೆ, ಎದೆಗೂ ಸೊಂಟಕ್ಕೂ ಪಟ್ಟಿ. ಕೆಳಗೆ ಹಿಂದೆ ಹಿಂದೆ ಇಳಿಯುವವನ ಬೆನ್ನಿಗೆ ಮೂರನೆಯವರೊಬ್ಬರು ಕೈಯಿಟ್ಟು ದಾರಿ ಹೇಳಲಿ. ಯಾರ ಕಾಲಲ್ಲೂ ಹವಾಯಿ ಚಪ್ಪಲಿ ಇರಬಾರದು.

ಪ್ರಶ್ನೆ (ಡೊಂಬಿವಲಿಯಿಂದ ಮತ್ತೆ): ಒಂದು ವೇಳೆ ಅಪ್ಪ ಬಿದ್ದೇಬಿಟ್ಟರೆ?

ಉತ್ತರ: ಬೀಳುವಾಗ ತಡೆಯಲು ಹೋಗಬೇಡಿ, ಇಬ್ಬರೂ ಬೀಳುತ್ತೀರಿ. ಬೆಲ್ಟ್ ಹಿಡಿದು ನಿಮ್ಮ ತೊಡೆಗೆ ಒರಗಿಸಿಕೊಂಡು ನೆಲಕ್ಕೆ ಮೆಲ್ಲಗೆ ಜಾರಿಸಿ. ಬಿದ್ದಾಗಿದ್ದರೆ ತಕ್ಷಣ ಎಬ್ಬಿಸಬೇಡಿ. ಕತ್ತು ಅಥವಾ ಬೆನ್ನು ನೋವು, ತಲೆಗೆ ಪೆಟ್ಟು, ಇಲ್ಲವೇ ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಅಲ್ಲೇ ಬಿಡಿ, ಹೊದಿಕೆ ಹೊದಿಸಿ, 108ಕ್ಕೆ ಫೋನ್ ಮಾಡಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ತಲೆಗೆ ಸಣ್ಣ ಪೆಟ್ಟಾದರೂ ಆಸ್ಪತ್ರೆಗೆ ಹೋಗಲೇಬೇಕು.

ಭುಜ ತೋರಿಸಿದ ಮೇಲೆ ಡಾಕ್ಟರು ಏನೆಂದರು ಎಂದು ಇಲ್ಲೇ ಬರೆಯಿರಿ. ನಾನು ಕಾಯುತ್ತಿರುತ್ತೇನೆ.