ಈ ಚಳಿಯಲ್ಲಿ ಕೋಳಿಮರಿಗಳನ್ನು ಹೊರಗಿನ ಗೂಡಿಗೆ ಬಿಡಬಹುದಾ? ಅನುಭವ ಇದ್ದವರು ಹೇಳಿ

ಶಿರಸಿ ಹತ್ತಿರದ ಹಳ್ಳಿ ನಮ್ಮದು. 22 ಮರಿ ಇವೆ, ಅರ್ಧ ಗಿರಿರಾಜ, ಅರ್ಧ ನಾಟಿ. ಐದು ವಾರ ತುಂಬಿತು. ಜಗಲಿ ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ಬಲ್ಬ್ ಹಾಕಿ ಇಟ್ಟಿದ್ದೇನೆ. ಈಗ ಜಾಗ ಸಾಲುತ್ತಿಲ್ಲ, ವಾಸನೆ ಅಂತ ಅತ್ತೆಯೂ ಹೇಳ್ತಿದ್ದಾರೆ. ತೋಟದ ಬದಿಗೆ ಗೂಡು ತಯಾರಿದೆ. ಆದರೆ ಬೆಳಗಿನ ಜಾವ ವಿಪರೀತ ಚಳಿ. ಈಗಲೇ ಬಿಡಲಾ, ಸಂಕ್ರಾಂತಿ ಕಳೆಯಲಿ ಅಂತ ಕಾಯಲಾ? ಅಲ್ಲಿಗೂ ಬಲ್ಬ್ ಬೇಕಾ?

ಸಿದ್ದಾಪುರದಿಂದ

ತಂಗಿ, ವಾರ ಲೆಕ್ಕ ಹಾಕುವ ಮೊದಲು ಒಂದು ಮರಿ ಕೈಯಲ್ಲಿ ಹಿಡಿದು ನೋಡು. ರೆಕ್ಕೆ, ಬಾಲಕ್ಕೆ ಗರಿ ಮೊದಲು ಬರುತ್ತದೆ. ಅದನ್ನು ನೋಡಿ ಮರಿ ದೊಡ್ಡದಾಯಿತು ಅಂದುಕೊಳ್ಳಬೇಡ. ರೆಕ್ಕೆ ಎತ್ತಿ ಒಳಗೆ ನೋಡು, ಹೊಟ್ಟೆ ಮೇಲೆ ಊದಿ ನೋಡು. ಗುಲಾಬಿ ಚರ್ಮ ಕಂಡರೆ, ಇಲ್ಲಾ ಬರೀ ಹಳದಿ ತುಪ್ಪಳ ಇದ್ದರೆ, ಇನ್ನೂ ಸಮಯ ಬೇಕು. ನಮ್ಮಲ್ಲಿ ನಾಟಿ ಮರಿಗಳಿಗೆ ಐದು ವಾರಕ್ಕೇ ಗರಿ ತುಂಬಿತ್ತು, ಗಿರಿರಾಜಕ್ಕೆ ಇನ್ನೊಂದು ವಾರ ಹಿಡಿಯಿತು. ಎಲ್ಲವನ್ನೂ ಒಟ್ಟಿಗೇ ಬಿಡು, ಹಿಂದೆ ಬಿದ್ದ ಮರಿಗೆ ಗರಿ ಬರುವವರೆಗೆ ಕಾದು.

ಎರಡನೆಯದು, ಬಲ್ಬಿನ ರೂಢಿ ಮನೆಯೊಳಗೇ ಬಿಡಿಸಬೇಕು. ಮೊದಲ ವಾರ 33-35 ಡಿಗ್ರಿ ಕಾವು ಬೇಕು, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತಾ ಬರುವುದು. ನಿನ್ನ ಮರಿಗಳಿಗೆ ಈಗ 21ರ ಆಸುಪಾಸು ಸಾಕು. ಮೊದಲು ಹಗಲು ಬಲ್ಬ್ ಆರಿಸು, ಎರಡು ದಿನ ಬಿಟ್ಟು ರಾತ್ರಿಯೂ ಆರಿಸು. ಜಗಲಿಯಲ್ಲಿ ನಾಲ್ಕು ರಾತ್ರಿ ಬಲ್ಬ್ ಇಲ್ಲದೆ ಮಲಗಿದ ಮರಿ ಗೂಡಿನಲ್ಲೂ ಮಲಗುತ್ತದೆ. 30 ಡಿಗ್ರಿಯ ಪೆಟ್ಟಿಗೆಯಿಂದ ಎತ್ತಿ ಸೀದಾ ಇಬ್ಬನಿಗೆ ತಂದರೆ ತಡೆಯುವುದಿಲ್ಲ.

ನಾನು ಮಾಡಿದ ತಪ್ಪನ್ನೂ ಹೇಳಿಬಿಡ್ತೇನೆ. ಮೊದಲ ವರ್ಷ ಚಳಿಗೆ ಹೆದರಿ ಗೂಡಿನ ನಾಲ್ಕೂ ಬದಿಗೆ ತಾಡಪತ್ರಿ ಬಿಗಿದು ಕಟ್ಟಿದ್ದೆ. ಒಂದು ಕಿಂಡಿಯನ್ನೂ ಬಿಟ್ಟಿರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ತಗಡಿನ ಮಾಡಿನ ಒಳಗಡೆ ಸಾಲು ಸಾಲು ನೀರಿನ ಹನಿ. ಕೆಳಗೆ ಹಾಸಿದ ಭತ್ತದ ಹೊಟ್ಟು ಎಲ್ಲ ಒದ್ದೆ, ಒಳಗೆ ಬಗ್ಗಿದರೆ ಹಿಕ್ಕೆಯ ಘಾಟಿಗೆ ಕಣ್ಣು ಉರಿಯಿತು. ವಾರದೊಳಗೆ ಮರಿಗಳು ಸೀನಲು ಶುರು ಮಾಡಿದವು. ಆರು ಮರಿ ಹೋದವು. ಒಂದು ನನ್ನ ಮಡಿಲಲ್ಲೇ ಹೋಯಿತು, ಈಗಲೂ ಅದು ಮನಸ್ಸಿನಲ್ಲಿದೆ. ಮರಿಗಳ ಉಸಿರು, ಹಿಕ್ಕೆ ಎರಡರಿಂದಲೂ ತೇವ ಬರುತ್ತದೆ, ಅದಕ್ಕೆ ಹೊರಗೆ ಹೋಗಲು ದಾರಿ ಬೇಕು. ಗರಿ ಒಣಗಿದ್ದರೆ ಮಾತ್ರ ಅದು ಕಂಬಳಿ ಇದ್ದ ಹಾಗೆ. ಈಗ ಕೆಳಗಿನ ಎರಡು ಅಡಿ ಅಡಿಕೆ ದಬ್ಬೆಗೆ ಗೋಣಿಚೀಲ ಹೊಡೆದು ಮುಚ್ಚುತ್ತೇನೆ, ಮರಿ ಕೂರುವ ಮಟ್ಟಕ್ಕೆ ಗಾಳಿ ಬಡಿಯಬಾರದು. ಮಾಡಿನ ಕೆಳಗೆ ಎರಡು ಬದಿಗೂ ಒಂದು ಗೇಣು ಬಲೆ ಬಿಟ್ಟು ತೆರೆದೇ ಇಡುತ್ತೇನೆ. ಅದೇ ಊರು, ಅದೇ ಚಳಿ, ಆಮೇಲೆ ಒಂದು ಮರಿಯೂ ಚಳಿಗೆ ಸತ್ತಿಲ್ಲ.

ನೆಲಕ್ಕೆ ಭತ್ತದ ಹೊಟ್ಟು ನಾಲ್ಕು ಬೆರಳು ದಪ್ಪ ಹಾಕು. ಒಂದು ಮುಷ್ಟಿ ಹಿಂಡಿ ನೋಡು, ಕೈಗೆ ಅಂಟಿ ಉಂಡೆ ಆದರೆ ಬದಲಿಸು. ಮೂಲೆಗಳಿಗೆ ರಟ್ಟು ಬಾಗಿಸಿ ನಿಲ್ಲಿಸು. ಹೊಸ ಜಾಗದಲ್ಲಿ ಮೊದಲ ರಾತ್ರಿ ಮರಿಗಳು ಮೂಲೆಗೆ ಹೋಗಿ ಒಂದರ ಮೇಲೊಂದು ಬೀಳುತ್ತವೆ, ಅಡಿಗೆ ಸಿಕ್ಕಿದ್ದು ಉಸಿರು ಕಟ್ಟಿ ಸಾಯುತ್ತದೆ. ಬೆಳಿಗ್ಗೆ ಹತ್ತು ಗಂಟೆಗೆ ಬಿಸಿಲು ನೋಡಿ ಬಿಡು, ಸಂಜೆ ಬಿಡಬೇಡ. ಕತ್ತಲಾಗುವ ಮೊದಲು ಅವಕ್ಕೆ ಜಾಗದ ಪರಿಚಯ ಆಗಬೇಕು.

ಮತ್ತೆ, ಲಸಿಕೆ ಹಾಕಿಸುವ ದಿನವೇ ಜಾಗ ಬದಲಿಸಬೇಡ. ಕೊಕ್ಕರೆ ರೋಗದ (ರಾಣಿಖೇತ್) ಲಾಸೋಟಾ ಲಸಿಕೆ ನಾಲ್ಕನೇ ವಾರದಲ್ಲಿ ಆಗಿದೆ ತಾನೇ? ಆಗಿಲ್ಲದಿದ್ದರೆ ಮೊದಲು ಪಶು ಆಸ್ಪತ್ರೆಯಲ್ಲಿ ಕೇಳು.

ಕಾರವಾರ, ಸದಾಶಿವಗಡ ಕಡೆಯಿಂದ

ನಮ್ಮ ಕಡೆ ಚಳಿ ಅಷ್ಟಿಲ್ಲ, ನಾವು ನಾಲ್ಕೂವರೆ ವಾರಕ್ಕೇ ಹೊರಗೆ ಬಿಟ್ಟಿದ್ದೇವೆ. ನಮಗೆ ಕಾಟ ಕೊಟ್ಟಿದ್ದು ರಕ್ತಭೇದಿ. ನೀರಿನ ಪಾತ್ರೆ ಚೆಲ್ಲಿ ಹೊಟ್ಟು ಒದ್ದೆಯಾದ ಕಡೆಯೇ ಅದು ಶುರುವಾಗುತ್ತದೆ. ಹಿಕ್ಕೆಯಲ್ಲಿ ರಕ್ತ ಕಂಡ ದಿನವೇ ಡಾಕ್ಟರ್ ಹತ್ತಿರ ಹೋಗಿ, ಮರುದಿನಕ್ಕೆ ಇಡಬೇಡಿ. ನೀರಿನ ಪಾತ್ರೆಯನ್ನು ಇಟ್ಟಿಗೆ ಮೇಲೆ, ಮರಿಯ ಬೆನ್ನಿನ ಮಟ್ಟಕ್ಕೆ ಇಡಿ. ಇಷ್ಟರಿಂದಲೇ ನಮ್ಮಲ್ಲಿ ಬಹಳ ಕಡಿಮೆ ಆಯಿತು.

ಬಲೆ ಅರ್ಧ ಇಂಚಿನದೇ ಹಾಕಿ. ಷಡ್ಭುಜದ ಕೋಳಿಬಲೆ ನಂಬಬೇಡಿ. ಮುಂಗುಸಿ ಅದನ್ನು ಹರಿದು ಒಳಗೆ ಬಂದು ಒಂದೇ ಸಲಕ್ಕೆ ಹನ್ನೊಂದು ಮರಿ ಕೊಂದಿತ್ತು, ತಿಂದಿದ್ದು ಒಂದನ್ನೇ. ಬಲೆಯನ್ನು ಒಂದು ಅಡಿ ನೆಲದೊಳಗೂ ಹೂಳಿ.

ಯಲ್ಲಾಪುರದಿಂದ

ಬಲ್ಬ್ ವಿಷಯಕ್ಕೆ: ಎಲ್‌ಇಡಿ ಬೆಳಕಷ್ಟೇ ಕೊಡುತ್ತದೆ, ಅದರಿಂದ ಮರಿಗೆ ಕಾವು ಸಿಗುವುದಿಲ್ಲ. ಹಳೇ ತರದ 60 ವ್ಯಾಟ್ ಬಲ್ಬ್ ಆಗಬೇಕು. ಆದರೆ ಒಣ ಹೊಟ್ಟಿನ ಗೂಡಿನಲ್ಲಿ ಅದನ್ನು ದಾರಕ್ಕೆ ನೇತುಹಾಕುವುದು ಅಪಾಯ, ತಂತಿಯಲ್ಲಿ ಬಿಗಿದು ಸುತ್ತ ಜಾಲರಿ ಹಾಕಿ. ನಮ್ಮಲ್ಲಿ ಕರೆಂಟ್ ನಂಬುವ ಹಾಗೇ ಇಲ್ಲ. ಮೊದಲ ಮೂರು ರಾತ್ರಿ ಐದು ಲೀಟರ್ ಕ್ಯಾನಿಗೆ ಬಿಸಿನೀರು ತುಂಬಿ, ಗೋಣಿಚೀಲ ಸುತ್ತಿ ನಡುವೆ ಇಟ್ಟೆ. ಮರಿಗಳು ಅದಕ್ಕೇ ಒರಗಿ ಮಲಗಿದವು. ನಾಲ್ಕನೇ ದಿನ ತೆಗೆದೆ, ಏನೂ ಆಗಲಿಲ್ಲ.

ರಾತ್ರಿ ಒಮ್ಮೆ ಎದ್ದು ಹೋಗಿ, ಟಾರ್ಚ್ ಹಾಕುವ ಮೊದಲು ಕಿವಿಗೊಟ್ಟು ಕೇಳಿ. ಜೋರಾಗಿ, ಬಿಡದೆ ಚಿಂವ್ ಚಿಂವ್ ಅಂದರೆ ಚಳಿ ತಡೆಯುತ್ತಿಲ್ಲ. ಗುಂಪಾಗಿ ಕೂತು ಮೆಲ್ಲಗೆ ಗೊಣಗುಟ್ಟುತ್ತಿದ್ದರೆ ಸುಮ್ನೆ ವಾಪಸ್ ಬಂದು ಮಲಗಿ.

ಕೇಳಿದವಳೇ, ಹನ್ನೆರಡು ದಿನದ ನಂತರ

ಅಕ್ಕ, ನೀವು ಹೇಳಿದ ಹಾಗೆ ರೆಕ್ಕೆ ಎತ್ತಿ ನೋಡಿದೆ. ಐದು ಗಿರಿರಾಜಕ್ಕೆ ಹೊಟ್ಟೆ ಬೋಳಾಗಿತ್ತು. ಎಂಟು ದಿನ ಕಾದೆ, ಅಷ್ಟರಲ್ಲಿ ಬಲ್ಬ್ ಬಿಡಿಸಿದೆ. ಬಿಟ್ಟು ಇವತ್ತಿಗೆ ನಾಲ್ಕು ದಿನ. ಮೊದಲ ರಾತ್ರಿ ಎರಡು ಸಲ ಹೋಗಿ ಕಿವಿಗೊಟ್ಟೆ, ಎರಡನೇ ಸಲ ಅತ್ತೆಯೂ ಬಂದರು. ಗೊಣಗುಟ್ಟುತ್ತಿದ್ದವು. ಬೆಳಿಗ್ಗೆ ಹೊಟ್ಟು ಹಿಂಡಿ ನೋಡಿದೆ, ಉದುರಿತು. 22 ಮರಿಯೂ ಇವೆ.