ಟಾಪ್ ಇಲ್ಲದ ಕಾರು, ತಾತನ ಜೀಪು

ಭಾನುವಾರ ಬೆಳಿಗ್ಗೆ 6.12ಕ್ಕೆ ಚಿಕ್ಕಮ್ಮ ನಮ್ಮ ಮನೆಯ ಗುಂಪಿಗೆ ಒಂದು ಫೋಟೊ ಹಾಕಿದರು. ರಸ್ತೆ ಬದಿಯಲ್ಲಿ ಮಗ್ಗುಲಾಗಿ ಬಿದ್ದ ಕೆಂಪು ಕನ್ವರ್ಟಿಬಲ್, ಅಂದರೆ ಟಾಪ್ ಮಡಚಿ ತೆಗೆಯುವ ಕಾರು. ಕೆಳಗೆ ಹೀಗಿತ್ತು: ‘ಟಾಪ್ ಇಲ್ಲದ ಕಾರು ಅಂದರೆ ಓಡಾಡುವ ಚಟ್ಟ. ಮಗುಚಿದರೆ ಒಬ್ಬರೂ ಉಳಿಯುವುದಿಲ್ಲ. ವಿದೇಶಗಳಲ್ಲಿ ಯಾವಾಗಲೋ ನಿಷೇಧಿಸಿದ್ದಾರೆ. ನಿಮ್ಮವರ ಮೇಲೆ ಪ್ರೀತಿ ಇದ್ದರೆ ಎಲ್ಲರಿಗೂ ಕಳಿಸಿ.’

ಇದು ನನಗಾಗಿಯೇ ಬಂದದ್ದು ಅಂತ ತಕ್ಷಣ ಗೊತ್ತಾಯಿತು. ಒಂದು ಕೂಪೆ (ಗಟ್ಟಿ ಚಾವಣಿಯ ಎರಡು ಬಾಗಿಲಿನ ಕಾರು), ಅದೇ ಮಾಡೆಲ್‌ನ ಕನ್ವರ್ಟಿಬಲ್, ಎರಡನ್ನೂ ಓಡಿಸಿ ನೋಡಿದ್ದೇನೆ ಅಂತ ಹಿಂದಿನ ವಾರ ಅಮ್ಮನಿಗೆ ಹೇಳಿದ್ದೆ. ಅಮ್ಮ ಅದನ್ನು ಚಿಕ್ಕಮ್ಮನಿಗೆ ಹೇಳಿದ್ದಾಳೆ.

ಚಿಕ್ಕಮ್ಮ: ಹೆದರಿಸೋಕೆ ಅಲ್ಲ ಪುಟ್ಟಿ. ಸುಮ್ನೆ ಗೊತ್ತಿರಲಿ ಅಂತ ಹಾಕಿದೆ.

ಅತ್ತೆ: ಅಯ್ಯೋ ದೇವರೇ. ಒಳಗಿದ್ದವರು ಏನಾದರು?

ಭಾವ: ಇದರ ಮೂಲ ಯಾವುದು? ಯಾವ ದೇಶ, ಯಾವ ವರ್ಷ?

ಚಿಕ್ಕಮ್ಮ: ನನಗೆ ಬಂದದ್ದನ್ನು ಕಳಿಸಿದೆ ಅಷ್ಟೇ.

ಭಾವ: ಬಂದದ್ದನ್ನೆಲ್ಲ ಕಳಿಸಿದರೆ ಹೇಗೆ ಚಿಕ್ಕಮ್ಮ? ಎಲ್ಲಿ ನಿಷೇಧ ಆಗಿದೆ, ಒಂದು ದೇಶದ ಹೆಸರು ಹೇಳಿ ಸಾಕು.

ದೊಡ್ಡಪ್ಪ: ಮೂಲ ಕೇಳುವ ಮೊದಲು ಕಳಿಸಿದವರ ಕಾಳಜಿ ನೋಡಬೇಕು. ಕಾರು ಇರುವುದು ಊರು ತಲುಪಲು. ಊರಿಗೆಲ್ಲ ತೋರಿಸಲು ಅಲ್ಲ. ತಲೆ ಮೇಲೆ ಸೂರು ಇರಲಿ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಭಾವ: ಕಾಳಜಿ ಬೇರೆ, ನಿಜ ಬೇರೆ ದೊಡ್ಡಪ್ಪ.

ದೊಡ್ಡಪ್ಪ: ಗೊತ್ತಪ್ಪ. ಹೋದ ವರ್ಷವೂ ನೀನು ಇದೇ ಪಾಠ ಹೇಳಿದ್ದೆ.

ಇಷ್ಟಾದಾಗ ಗುಂಪಿನಲ್ಲಿ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದರು. ಹೋದ ವರ್ಷ ದೊಡ್ಡಪ್ಪ ಕನ್ನಡಕ ಬಿಡಿಸುವ ಕಣ್ಣಿನ ವ್ಯಾಯಾಮದ ವಿಡಿಯೊ ಹಾಕಿದ್ದರು. ಭಾವ ಎಲ್ಲರೆದುರು ಮೂಲ ಕೇಳಿದ್ದರು. ದೊಡ್ಡಪ್ಪ ಗುಂಪು ಬಿಟ್ಟು ಹೋಗಿ ನಾಲ್ಕು ದಿನ ಬಂದಿರಲಿಲ್ಲ. ಕೊನೆಗೆ ಅಪ್ಪ ಫೋನ್ ಮಾಡಿ ಕರೆತಂದದ್ದು. ಈಗ ಕಾರಿನ ಹೆಸರಿನಲ್ಲಿ ಅದೇ ಜಗಳ ಮತ್ತೆ ಶುರುವಾಗಿತ್ತು.

ನಾನು ಫೋಟೊವನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದೆ. ಸೀಟುಗಳ ಮೇಲೆ ಹೆಡ್‌ರೆಸ್ಟ್ ಇಲ್ಲ. ಭುಜದ ಮೇಲೆ ಬರುವ ಬೆಲ್ಟ್ ಇಲ್ಲ, ಸೊಂಟದ ಪಟ್ಟಿ ಒಂದು ಜೋತಾಡುತ್ತಿದೆ. ಸ್ಟೀರಿಂಗ್ ತೆಳ್ಳಗಿದೆ, ಮಧ್ಯೆ ಏರ್‌ಬ್ಯಾಗ್ ಕೂರುವಷ್ಟು ಜಾಗವೇ ಇಲ್ಲ. ಸೀಟಿನ ಹಿಂದೆ ರೋಲ್ ಬಾರ್, ಅಂದರೆ ಕಾರು ಮಗುಚಿದರೆ ತಲೆ ಕಾಯುವ ಗಟ್ಟಿ ಕಂಬಿ, ಇಲ್ಲ. ಇದು ತುಂಬಾ ಹಳೆಯ ಕಾರು. ಈ ಒಂದು ವಿಷಯ ಯಾರ ಕಣ್ಣಿಗಾದರೂ ಬಿದ್ದಿದ್ದರೆ ಅರ್ಧ ಮಾತು ಅಲ್ಲೇ ಮುಗಿಯುತ್ತಿತ್ತು. ಅದನ್ನೇ ಬರೆದೆ. ನಿಷೇಧದ ವಿಷಯವನ್ನೂ ಸೇರಿಸಿದೆ.

ನಾನು: ಈ ನಿಷೇಧದ ಮಾತು ಹುಟ್ಟಿದ್ದು ಅಮೆರಿಕದ ಹಳೇ ಭಯದಿಂದ. ಮಗುಚುವ ಅಪಘಾತಕ್ಕೆ ಕಟ್ಟುನಿಟ್ಟಾದ ನಿಯಮ ಬರುತ್ತದೆ, ತೆರೆದ ಕಾರು ಮಾರಲು ಬಿಡುವುದಿಲ್ಲ ಅಂತ ಕಂಪನಿಗಳು ಅಂದುಕೊಂಡಿದ್ದವು. ಅದಕ್ಕೇ ಪೋರ್ಷೆ 1965ರಲ್ಲಿ ತಲೆಯ ಹಿಂದೆ ದಪ್ಪ ಕಮಾನು ಇರುವ 911 ಟಾರ್ಗಾ ತೋರಿಸಿತು. ಕ್ಯಾಡಿಲಾಕ್ 1976ರ ಎಲ್ಡೊರಾಡೊವನ್ನು ಅಮೆರಿಕದ ಕೊನೆಯ ಕನ್ವರ್ಟಿಬಲ್ ಅಂತ ಮಾರಿತು. ನಿಷೇಧ ಬರಲೇ ಇಲ್ಲ. 1984ರ ಹೊತ್ತಿಗೆ ಎಲ್ಡೊರಾಡೊ ಕನ್ವರ್ಟಿಬಲ್ ವಾಪಸ್ ಬಂತು. ‘ಕೊನೆಯದು’ ಅಂತ ನಂಬಿ ಕೊಂಡು ಜೋಪಾನ ಮಾಡಿದವರು ಸಿಟ್ಟಾಗಿ ಕೋರ್ಟಿಗೂ ಹೋದರು.

ನಾಲ್ಕು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ದೊಡ್ಡಪ್ಪನ ಮಗ, ನಮ್ಮ ಅಣ್ಣ, ಎದ್ದು ಬಂದ.

ಅಣ್ಣ: ಟಾಪ್ ಇಲ್ಲ ಅಂದ ತಕ್ಷಣ ತಾತನ ಜೀಪು ನೆನಪಾಯಿತು! ಕ್ಯಾನ್ವಾಸ್ ಸುತ್ತಿ ಹಿಂದೆ ಕಟ್ಟಿದರೆ ಮುಗೀತು. ಮುಂದಿನ ಗಾಜನ್ನೂ ಬಾನೆಟ್ ಮೇಲೆ ಮಲಗಿಸುತ್ತಿದ್ದರಂತೆ. ಫೋಟೊ ಯಾರ ಹತ್ತಿರ ಇದೆ?

ಅತ್ತೆ: ನನ್ನ ಹತ್ತಿರ ಇದೆ. ಹಿಂದಿನ ಸೀಟಲ್ಲಿ ನಾವು ಆರು ಜನ. ಮಳೆ ಬಂದರೆ ಕ್ಯಾನ್ವಾಸಿನ ಗುಂಡಿ ಹಾಕೋ ಅಷ್ಟರಲ್ಲಿ ಎಲ್ಲರೂ ನೆಂದಿರುತ್ತಿದ್ದೆವು.

ಚಿಕ್ಕಮ್ಮ: ಎಂಥಾ ದಿನಗಳು ಅಲ್ವಾ.

ಅತ್ತೆ: ಅಂಥಾ ಜೀಪನ್ನು ಯಾರನ್ನೂ ಕೇಳದೆ ಮಾರಿಬಿಟ್ಟರು.

ಅಣ್ಣ: ಅತ್ತೆ, ಅದು ಬೇಡ ಈಗ.

ಅತ್ತೆ: ಯಾಕೆ ಬೇಡ? ಮಾರಿಸಿದ್ದು ಯಾರು ಅಂತ ಎಲ್ಲರಿಗೂ ಗೊತ್ತು. ಶಾಲೆಯಿಂದ ಬಂದು ನೋಡಿದರೆ ಶೆಡ್ ಖಾಲಿ.

ದೊಡ್ಡಪ್ಪ ಉತ್ತರ ಕೊಡಲಿಲ್ಲ. ಅಪ್ಪ ಗುಂಪಿನಲ್ಲಿ ಇದ್ದರೂ ಮಾತಾಡುವವರಲ್ಲ. ಒಂದು ಗಂಟೆ ಪೂರ್ತಿ ಜೀಪಿನ ಬಣ್ಣ, ಹಾರ್ನ್, ಯಾರು ಯಾವ ಪಕ್ಕ ಕೂರುತ್ತಿದ್ದರು ಅನ್ನುವುದೇ ನಡೆಯಿತು. ನನ್ನ ಸಂದೇಶ ಎಲ್ಲೋ ಮೇಲೆ ಸರಿದು ಹೋಯಿತು.

ನಿಜವಾಗಿ ಕೇಳಬೇಕಾದ ಪ್ರಶ್ನೆ ಎರಡೂ ಕಾರು ಓಡಿಸಿದ ದಿನವೇ ನನಗೆ ಹೊಳೆದಿತ್ತು. ಅದು ಸಾವಿನ ಪ್ರಶ್ನೆ ಅಲ್ಲ. ಟಾಪ್ ತೆಗೆದಾಗ ಕಾರಿಗೆ ಏನಾಗುತ್ತದೆ, ಅದಕ್ಕೆ ಬದಲಾಗಿ ನಮಗೆ ಏನು ಸಿಗುತ್ತದೆ ಅನ್ನುವುದು. ಕಾರಿನ ಚಾವಣಿ ಬರೀ ಮುಚ್ಚಳ ಅಲ್ಲ. ಮುಂದಿನ ಗಾಜಿನ ಕಂಬವನ್ನೂ ಹಿಂಬದಿಯನ್ನೂ ಹಿಡಿದು ಕಟ್ಟುವುದು ಅದೇ. ಮುಚ್ಚಳ ತೆಗೆದ ರಟ್ಟಿನ ಡಬ್ಬಿಯನ್ನು ಎರಡೂ ಕೈಯಲ್ಲಿ ತಿರುಚಿ ನೋಡಿ, ಗೊತ್ತಾಗುತ್ತದೆ. ಆ ಬಲವನ್ನು ಮತ್ತೆ ತರಲು ಬಾಗಿಲ ಕೆಳಗಿನ ಪಟ್ಟಿ, ಗಾಜಿನ ಕಂಬ, ನೆಲ ಎಲ್ಲಕ್ಕೂ ಹೆಚ್ಚು ಲೋಹ ಹಾಕುತ್ತಾರೆ. ಟಾಪ್ ಎತ್ತುವ ಮೋಟರುಗಳ ತೂಕ ಬೇರೆ. ಈಗಿನ ತಲೆಮಾರಿನ ಪೋರ್ಷೆ 911 ಕರೆರಾ ಬಂದಾಗ ಕೂಪೆ 1505 ಕೆ.ಜಿ., ಕ್ಯಾಬ್ರಿಯೊಲೆ, ಅಂದರೆ ಅದರ ಕನ್ವರ್ಟಿಬಲ್, 1575 ಕೆ.ಜಿ. ಇತ್ತು. ಒಬ್ಬ ಮನುಷ್ಯನನ್ನು ಸದಾ ಕೂರಿಸಿಕೊಂಡು ಓಡಿದ ಹಾಗೆ.

ನಾನು ಓಡಿಸಿದ ಕನ್ವರ್ಟಿಬಲ್‌ನಲ್ಲೂ ಅದು ಕಂಡಿತು. ಒಂದು ಹಂಪ್ ದಾಟುವಾಗ ಒಳಗಿನ ಕನ್ನಡಿಯಲ್ಲಿ ಹಿಂದಿನ ಲಾರಿ ಒಂದು ಕ್ಷಣ ನಡುಗಿತು. ಕೂಪೆಯಲ್ಲಿ ಅದೇ ಹಂಪ್ ಬರೀ ‘ದುಪ್’ ಅಂದಿತು, ಕನ್ನಡಿ ಅಲುಗಲಿಲ್ಲ. ತಿರುವಿನಲ್ಲಿ ಕೂಪೆ ಒಂದೇ ತುಂಡಿನ ಹಾಗೆ ತಿರುಗುತ್ತದೆ. ಜೋರಾಗಿ ಓಡಿಸುವುದೇ ಸಂತೋಷ ಅನ್ನುವವರು ಕೂಪೆ ತೆಗೆದುಕೊಳ್ಳಲಿ. ಅದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ಕನ್ವರ್ಟಿಬಲ್‌ನ ಗುಂಡಿ ಒತ್ತಿ ಹಿಡಿದಾಗ ಆದದ್ದೇ ಬೇರೆ. ಹಿಂದಿನ ಮುಚ್ಚಳ ಎದ್ದಿತು. ಬಟ್ಟೆಯ ಟಾಪ್ ಮಡಚಿಕೊಂಡು ಒಳಗೆ ಹೋಯಿತು, ಮುಚ್ಚಳ ಮುಚ್ಚಿತು. ಆಮೇಲೆ ಬೇವಿನ ಹೂವಿನ ವಾಸನೆ, ಸೈಕಲ್ ಬೆಲ್ಲು, ಯಾರೋ ಯಾರನ್ನೋ ಕರೆದದ್ದು ಎಲ್ಲವೂ ಒಳಗೆ ಬಂತು. ನಾನು 40ರ ವೇಗದಲ್ಲಿದ್ದೆ. ಅಷ್ಟೇ ವೇಗಕ್ಕೆ ಅಷ್ಟು ಖುಷಿ ಕೂಪೆಯಲ್ಲಿ ಸಿಗುವುದಿಲ್ಲ. ನನ್ನ ಓಡಾಟ ಬೆಳಗಿನ ಜಾವ, ಮತ್ತೆ ಸಂಜೆ. ಬಿಸಿಲಿನಲ್ಲಿ ಟಾಪ್ ತೆಗೆದು ಕೂರುವ ಆಸೆ ನನಗೂ ಇಲ್ಲ.

ಮಧ್ಯಾಹ್ನ ಭಾವ ಮತ್ತೆ ಬಂದರು. ಈ ಸಲ ನನ್ನ ಕಡೆಗೆ.

ಭಾವ: ಹಳೇ ಕಾರು ಅಂತ ಒಪ್ಪಿದೆ. ಹೊಸದು ಸುರಕ್ಷಿತ ಅನ್ನೋಕೆ ನಿನ್ನ ಮೂಲ ಯಾವುದು?

ನಾನು: ಅಮೆರಿಕದ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಫಾರ್ ಹೈವೇ ಸೇಫ್ಟಿ ಅನ್ನುವ ರಸ್ತೆ ಸುರಕ್ಷತೆಯ ಸಂಸ್ಥೆ 2020ರಲ್ಲಿ ಹೊಸ ಕನ್ವರ್ಟಿಬಲ್‌ಗಳನ್ನು ಅವೇ ಮಾಡೆಲ್‌ಗಳ ಚಾವಣಿ ಇರುವ ಕಾರುಗಳ ಜೊತೆ ಹೋಲಿಸಿತು. ಓಡಿದ ದೂರಕ್ಕೆ ಲೆಕ್ಕ ಹಾಕಿದರೆ ಅಪಘಾತ ಶೇ 6, ಚಾಲಕರ ಸಾವು ಶೇ 11ರಷ್ಟು ಕಡಿಮೆಯೇ ಇತ್ತು. ವ್ಯತ್ಯಾಸ ಸಣ್ಣದು. ಅದಕ್ಕೇ ಕನ್ವರ್ಟಿಬಲ್ ಹೆಚ್ಚು ಸುರಕ್ಷಿತ ಅಂತ ನಾನು ಹೇಳಲ್ಲ. ಹೆಚ್ಚು ಅಪಾಯ ಅನ್ನೋಕೆ ಆಧಾರ ಸಿಗಲಿಲ್ಲ ಅಷ್ಟೇ. ಆದರೆ ಸತ್ತ ಚಾಲಕರಲ್ಲಿ ಹೊರಗೆ ಎಸೆಯಲ್ಪಟ್ಟವರು ಕನ್ವರ್ಟಿಬಲ್‌ನಲ್ಲಿ ಶೇ 21, ಬೇರೆಯದರಲ್ಲಿ ಶೇ 17. ಆ ಭಯ ನಿಜ. ಬೆಲ್ಟ್ ಹಾಕದೆ ಕೂರುವ ಕಾರಲ್ಲ ಇದು.

ಭಾವ: ಗಟ್ಟಿ ಲೋಹದ ಟಾಪ್ ಮಡಚುವ ಕಾರು ತಗೋ. ಎರಡೂ ಸಿಕ್ಕಿದ ಹಾಗೆ.

ನಾನು: ಅದನ್ನು ಮಾಡಿದ ಕಂಪನಿಗಳೇ ವಾಪಸ್ ಬಟ್ಟೆಗೆ ಬಂದಿವೆ ಭಾವ. ಮರ್ಸಿಡಿಸ್ ಎಸ್‌ಎಲ್‌ಗೆ 2001ರಲ್ಲಿ ಲೋಹದ ಟಾಪ್ ಬಂತು. 2021ರಲ್ಲಿ ಮತ್ತೆ ಬಟ್ಟೆ ಮಾಡಿ 21 ಕೆ.ಜಿ. ಇಳಿಸಿದರು. ಬಿಎಂಡಬ್ಲ್ಯು 4 ಸೀರೀಸ್ ಕೂಡ 2020ರಲ್ಲಿ ಹಾಗೇ ಮಾಡಿತು. ಲೋಹ ಮಡಚಿ ಒಳಗೆ ಹೋದರೆ ಡಿಕ್ಕಿಯಲ್ಲಿ ಜಾಗ ಉಳಿಯಲ್ಲ.

ಚಿಕ್ಕಮ್ಮ: ಬಟ್ಟೆನಾ? ಹರಿಯಲ್ವಾ?

ಇಡೀ ದಿನದಲ್ಲಿ ಬಂದ ಒಳ್ಳೆಯ ಪ್ರಶ್ನೆ ಇದು. ಹರಿಯುವುದಕ್ಕಿಂತ ಬೇರೆ ತೊಂದರೆ ಜಾಸ್ತಿ. ಒದ್ದೆ ಟಾಪ್ ಮಡಚಿ ಇಟ್ಟರೆ ಬೂಸ್ಟು. ನೀರು ಹರಿದು ಹೋಗುವ ಸಣ್ಣ ತೂತುಗಳಲ್ಲಿ ಎಲೆ ಕೂತರೆ ಕಾಲಡಿಯ ಕಾರ್ಪೆಟ್ ನೆನೆಯುತ್ತದೆ. ಸೆಕೆಂಡ್‌ಹ್ಯಾಂಡ್ ನೋಡುವಾಗ ಮೊದಲು ಆ ಕಾರ್ಪೆಟ್ ಮೇಲೆ ಅಂಗೈ ಒತ್ತಿ ನೋಡಬೇಕು. ಟಾಪನ್ನು ಮೂರು ಸಲ ತೆಗೆದು ಮುಚ್ಚಿಸಿ, ಎಲ್ಲಾದರೂ ತಡವರಿಸುತ್ತದಾ ಅಂತ ಕಿವಿ ಕೊಡಬೇಕು. ಮರದ ಕೆಳಗೆ ನಿಲ್ಲಿಸುವವರಿಗೆ ಇದು ವಾರವಾರದ ಕೆಲಸ. ಇಷ್ಟನ್ನೂ ಚಿಕ್ಕಮ್ಮನಿಗೆ ಬರೆದೆ. ಅಷ್ಟರಲ್ಲಿ ಅತ್ತೆ ಜೀಪಿನ ಫೋಟೊ ಹಾಕಿದರು. ಎಲ್ಲರೂ ಅತ್ತ ಹೋದರು.

ಹಳೇ ಕಪ್ಪು ಬಿಳುಪು ಫೋಟೊ. ಡ್ರೈವರ್ ಜಾಗದಲ್ಲಿ ಮೀಸೆ ಮೂಡುತ್ತಿರುವ ದೊಡ್ಡಪ್ಪ. ಪಕ್ಕದಲ್ಲಿ ಚಡ್ಡಿ ಹಾಕಿದ ಅಪ್ಪ, ಒಂದು ಕಾಲು ಹೊರಗೆ ಇಳಿಬಿಟ್ಟು ಕೂತಿದ್ದಾರೆ. ಬಾಗಿಲೇ ಇಲ್ಲ.

ಅತ್ತೆ: ಇದೇ ಕೊನೇ ಫೋಟೊ. ಮುಂದಿನ ತಿಂಗಳು ಮಾರಾಟ. ನನಗೆ ಇನ್ನೂ ಹೊಟ್ಟೆ ಉರಿಯುತ್ತೆ.

ದೊಡ್ಡಪ್ಪ: ಆಗಿ ಹೋದದ್ದು. ಬಿಡು.

ರಾತ್ರಿ 9.40ಕ್ಕೆ ದೊಡ್ಡಪ್ಪ ನನಗೊಬ್ಬಳಿಗೇ ಸಂದೇಶ ಕಳಿಸಿದರು. ಅವರು ಟೈಪ್ ಮಾಡುವುದು ನಿಧಾನ. ‘ಬರೆಯುತ್ತಿದ್ದಾರೆ’ ಅಂತ ಬರುವುದು, ನಿಲ್ಲುವುದು, ಮತ್ತೆ ಬರುವುದು. ಕೊನೆಗೆ ಬಂತು.

‘ನೀನು ಬರೆದದ್ದು ಪೂರ್ತಿ ಓದಿದೆ. ಹೊರಗೆ ಎಸೆಯಲ್ಪಟ್ಟವರು ಅಂತ ಬರೆದಿದ್ದೆಯಲ್ಲ, ಅದನ್ನು ಎರಡು ಸಲ ಓದಿದೆ. ಆ ಫೋಟೊ ತೆಗೆದ ವಾರವೇ ತಿರುವಿನಲ್ಲಿ ನಿನ್ನ ಅಪ್ಪ ಜೀಪಿನಿಂದ ಬಿದ್ದ. ನಾನೇ ಓಡಿಸುತ್ತಿದ್ದೆ, ಸ್ವಲ್ಪ ಜೋರಾಗಿಯೇ. ಹುಬ್ಬಿನ ಮೇಲಿನ ಗುರುತು ಅದರದ್ದು. ಮರದಿಂದ ಬಿದ್ದ ಅಂತ ಅಜ್ಜಿಗೆ ಹೇಳಿದೆವು. ತಾತನ ಹತ್ತಿರ ಮಾತ್ರ ನಿಜ ಹೇಳಿ, ಜೀಪು ಮಾರಿಬಿಡಿ ಅಂತ ಅತ್ತುಬಿಟ್ಟೆ. ನಿನ್ನ ಅತ್ತೆಗೆ ಇವತ್ತಿಗೂ ಗೊತ್ತಿಲ್ಲ.’

ಏನು ಬರೆಯಬೇಕು ಅಂತ ತಿಳಿಯದೆ ಫೋನ್ ಹಿಡಿದು ಕೂತಿದ್ದೆ. ಅಪ್ಪನ ಹುಬ್ಬಿನ ಆ ಗೆರೆಯನ್ನು ಚಿಕ್ಕವಳಿದ್ದಾಗ ಬೆರಳಲ್ಲಿ ಸವರಿ ಆಡಿದವಳು ನಾನು. ಅಷ್ಟರಲ್ಲಿ ಇನ್ನೊಂದು ಸಂದೇಶ ಬಂತು.

‘ಹಿಂದಿನ ಸೀಟಿಗೂ ಭುಜದ ಬೆಲ್ಟ್ ಇದೆಯಾ?’

ಓಡಿಸಿ ನೋಡಿದ ದಿನ ಎಲ್ಲ ಮೂಲೆಯ ಫೋಟೊ ತೆಗೆದಿದ್ದೆ. ಹಿಂದಿನ ಎರಡು ಸೀಟು, ಎರಡೂ ಬೆಲ್ಟು, ಅದರ ಹಿಂದೆ ರೋಲ್ ಬಾರ್ ಅಡಗಿರುವ ಜಾಗ, ಮೂರನ್ನೂ ಕಳಿಸಿದೆ. ಕಾರು ಮಗುಚುತ್ತದೆ ಅಂತ ಸೆನ್ಸರಿಗೆ ಗೊತ್ತಾದರೆ ಆ ಬಾರ್ ತಾನೇ ಮೇಲೆ ಚಿಮ್ಮುತ್ತದೆ, 1989ರ ಮರ್ಸಿಡಿಸ್ ಎಸ್‌ಎಲ್‌ನಲ್ಲೇ 0.3 ಸೆಕೆಂಡಿಗೆ ಏಳುತ್ತಿತ್ತು ಅಂತ ಬರೆದೆ.

ನೀಲಿ ಟಿಕ್ ಬಂತು. ಐದು ನಿಮಿಷ ಬಿಟ್ಟು ಉತ್ತರ: ‘ಶನಿವಾರ ಬೆಳಿಗ್ಗೆ ನಾನೂ ಬರುತ್ತೇನೆ. ಹಿಂದೆ ಕೂತು ನೋಡಬೇಕು. ನಿನ್ನ ಅಪ್ಪನನ್ನೂ ಕರೆದುಕೊಂಡು ಬಾ.’